ಬ್ರೇಕ್ ಕಿರುಚುತ್ತಿತ್ತಂತೆ

ಫೇರ್‌ಫ್ಯಾಕ್ಸ್‌ನಲ್ಲಿ ನಾನು ಒಬ್ಬಳೇ ಕಾರು ಓಡಿಸತೊಡಗಿ ಸ್ವಲ್ಪ ದಿನಕ್ಕೆ ಜನ ನನ್ನನ್ನು ತಿರುಗಿ ನೋಡಲು ಶುರುಮಾಡಿದರು. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಪಕ್ಕದ ಕಾರಿನವರು ಕತ್ತು ಹೊರಳಿಸುವರು. ರಸ್ತೆ ದಾಟುತ್ತಿದ್ದ ಹುಡುಗಿಯೊಬ್ಬಳು ಮುಖ ಕಿವುಚಿಕೊಂಡು ನನ್ನತ್ತ ನೋಡಿದಳು. ಒಂದು ಬೆಳಿಗ್ಗೆ ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ತಾಯಿ ನಿಂತು, ಬಗ್ಗಿ, ಮಗುವಿನ ಕಿವಿಗೆ ಎರಡೂ ಕೈ ಅಡ್ಡ ಹಿಡಿದಳು. ನನಗೆ ಅರ್ಥವಾಗಲಿಲ್ಲ. ಹಣೆಯ ಕುಂಕುಮ ನೋಡುತ್ತಾರೋ, ಸ್ಟೀರಿಂಗಿಗೆ ಎದೆ ತಾಗುವ ಹಾಗೆ ಮುಂದೆ ಬಾಗಿ ಕೂತಿರುವ ನನ್ನ ಭಂಗಿ ನೋಡುತ್ತಾರೋ ಎಂದುಕೊಂಡೆ. ಕುಂಕುಮ ಚಿಕ್ಕದು ಮಾಡಿದೆ, ಬೆನ್ನು ನೆಟ್ಟಗೆ ಮಾಡಿಕೊಂಡೆ. ನೋಡುವುದು ನಿಲ್ಲಲಿಲ್ಲ.

ಅದು ತೊಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಸೈಕಲ್ ಬಿಟ್ಟರೆ ಬೇರೇನೂ ಓಡಿಸಿದವಳಲ್ಲ ನಾನು. ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ, ಅತ್ತು, ಮತ್ತೆ ಬರೆದು ಪಾಸಾದವಳು. ನಮ್ಮ ಹತ್ತಿರ ಇದ್ದದ್ದು ಒಂದೇ ಕಾರು. ಬೆಂಗಳೂರಿಗೆ ವಾಪಸ್ ಹೊರಟಿದ್ದ ಪರಿಚಯದ ಕುಟುಂಬವೊಂದು ಬಿಟ್ಟುಹೋದ ಹಳೆಯ ಜಪಾನಿ ಗಾಡಿ. ಅದನ್ನು ಗಂಡನೇ ಓಡಿಸುತ್ತಿದ್ದರು. ಅವರ ಕಂಪನಿ ಅವರನ್ನು ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಪ್ರಾಜೆಕ್ಟಿನ ಮೇಲೆ ಕಳಿಸಿತು. ಅಲ್ಲಿ ಅವರಿಗೆ ಬಾಡಿಗೆ ಕಾರು ಸಿಕ್ಕಿತು, ಇಲ್ಲಿ ಈ ಗಾಡಿ ನನ್ನ ಪಾಲಿಗೆ ಬಂತು. ನನಗೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ. ಬಸ್ಸಿನಲ್ಲಿ ಹೋಗಲು ಅರ್ಧ ಬೆಳಗು ಬೇಕಾಗುತ್ತಿತ್ತು, ಹಾಗಾಗಿ ದಿನವೂ ಬೆಳಿಗ್ಗೆ ಹೆದರುತ್ತಲೇ ಕೀಲಿ ತಿರುಗಿಸುತ್ತಿದ್ದೆ.

ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಧಾನಕ್ಕೆ ಬರುತ್ತಿದ್ದೆ. ಎತ್ತರದ ಮುದುಕನೊಬ್ಬ ದಾರಿಗೆ ಅಡ್ಡ ಬಂದು ಕೈ ಎತ್ತಿದ. ನಿಲ್ಲಿಸಿದೆ. ಅವನು ನನ್ನ ಕಿಟಕಿ ತಟ್ಟಿ, ಮುಂದಿನ ಚಕ್ರದ ಕಡೆ ಬೆರಳು ಮಾಡಿ ಏನೋ ಹೇಳಿದ. ಆಗಿನ ದಿನಗಳಲ್ಲಿ ಟೀವಿಯಲ್ಲಿ ಕಾರು ಕಸಿದುಕೊಳ್ಳುವವರ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತು. ಚಕ್ರ ತೋರಿಸುತ್ತಾರೆ, ಏನಾಯಿತೆಂದು ನೀವು ಇಳಿಯುತ್ತೀರಿ, ಅಷ್ಟರಲ್ಲಿ ಗಾಡಿ ಹೋಗಿರುತ್ತದೆ ಎಂದು ಲೈಬ್ರರಿಯಲ್ಲಿ ಯಾರೋ ಹೇಳಿದ್ದರು. ನಾನು ಬಾಗಿಲು ಲಾಕಾಗಿದೆಯೇ ಎಂದು ಮೊಣಕೈಯಿಂದ ಒತ್ತಿ ನೋಡಿ, ಗಾಡಿ ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ಹೊರಟುಹೋದೆ. ಅಂಗಡಿ ಸಾಲಿನ ಮುಂದೆ ಕತ್ತಲಾಗುವವರೆಗೂ ನಿಂತಿದ್ದು ಮನೆಗೆ ಬಂದೆ.

ನಮ್ಮ ಕೆಳಗಿನ ಮನೆಯಲ್ಲಿ ಒಂದು ಮುಸ್ಲಿಂ ಕುಟುಂಬವಿತ್ತು. ಗಂಡ ಹೆಂಡತಿ ಇಬ್ಬರಿಗೂ ಹತ್ತಿರದ ರೆಸ್ಟನ್‌ನಲ್ಲಿ ಕೆಲಸ. ಹೆಂಡತಿಯ ತಾಯಿ ಮೈಸೂರಿನಿಂದ ಬಂದು ಅವರ ಜೊತೆ ಇದ್ದರು. ಉದಯಗಿರಿಯ ಕಡೆಯವರು, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು. ಹಗಲೆಲ್ಲ ಒಬ್ಬರೇ ಇದ್ದು ಬೇಜಾರಾದ ಅವರು ಒಂದು ಶನಿವಾರ ತರಕಾರಿಗೆಂದು ನನ್ನ ಜೊತೆ ಹೊರಟರು. ಮೊದಲ ಸ್ಟಾಪ್ ಸೈನಿನಲ್ಲೇ ಬೆಚ್ಚಿಬಿದ್ದರು.

"ಏನಿದು ಬೇಟಾ, ಗಾಡಿ ಹಿಂಗೆ ಕಿರುಚ್ತಾ ಇದೆ?"

"ಏನು ಕಿರುಚ್ತಾ ಇದೆ ಆಂಟಿ?"

"ಬ್ರೇಕ್ ಹಾಕ್ದಾಗ. ಕಿವಿ ತೂತಾಗೋ ಹಂಗೆ. ನಿಂಗೆ ಕೇಳ್ಸಿಲ್ವಾ?"

ಮುಂದಿನ ಸಿಗ್ನಲ್ಲಿನಲ್ಲಿ ಮೈಯೆಲ್ಲ ಕಿವಿ ಮಾಡಿಕೊಂಡು ಬ್ರೇಕ್ ಒತ್ತಿದೆ. ಇಂಜಿನ್ನಿನ ಗುಂಯ್‌ಗುಟ್ಟುವಿಕೆ ಕೇಳಿಸಿತು, ಪಕ್ಕದ ಟ್ರಕ್ಕಿನದು ಕೇಳಿಸಿತು. ಬೇರೇನೂ ಇಲ್ಲ. "ಇಲ್ವಲ್ಲ ಆಂಟಿ" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. "ನಂಗೇ ಹಂಗೆ ಕೇಳ್ಸಿರ್ಬೇಕು ಬಿಡು" ಎಂದು ಸೆರಗು ಸರಿಮಾಡಿಕೊಂಡರು.

ಆದರೂ ಒಳಗೆ ಭಯ ಹೊಕ್ಕಿತ್ತು. ಭಾನುವಾರ ಮಧ್ಯಾಹ್ನ ಹತ್ತಿರದ ಚರ್ಚಿನ ಖಾಲಿ ಪಾರ್ಕಿಂಗಿಗೆ ಹೋಗಿ, ನಾಲ್ಕೂ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಮತ್ತೆ ಮತ್ತೆ ಓಡಿಸಿ ನಿಲ್ಲಿಸಿ ನೋಡಿದೆ. ಸದ್ದಿಲ್ಲ. ಪೆಡಲ್ ಗಟ್ಟಿಯಾಗಿಯೇ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಇರಲಿಲ್ಲ. ಅಂದು ಫೋನಿನಲ್ಲಿ ಗಂಡನಿಗೆ ಹೇಳಿದೆ.

"ನಿಂಗೆ ಕೇಳಿಸ್ತಾ?" ಎಂದರು.

"ಇಲ್ಲ. ಆಂಟಿಗೆ ಮಾತ್ರ ಕೇಳಿಸ್ತಂತೆ."

"ಹಳೇ ಕಾರಲ್ವಾ, ಒದ್ದೆ ಇದ್ರೆ ಸ್ವಲ್ಪ ಸದ್ದು ಬರತ್ತೆ. ಮುಂದಿನ್ ವಾರ ಬರ್ತೀಯಲ್ಲ, ಆಗ ನಾನೇ ಡ್ರೈವ್ ಮಾಡಿ ನೋಡ್ತೀನಿ."

ಮುಂದಿನ ವಾರ ನಾನು ಅವರಲ್ಲಿಗೆ ಹೋಗುವುದೆಂದು ನಿಗದಿಯಾಗಿತ್ತು. ಆಂಟಿಯ ಮಗ ಕೂಡ ಅಲ್ಲೇ ಹತ್ತಿರ, ಕ್ಯಾರಿಯಲ್ಲಿದ್ದ. ಮಗನ ಮನೆ ನೋಡಬೇಕೆಂದು ಅವರೂ ಹೊರಟರು. ನನಗೆ ಅದೇ ಮೊದಲ ದೂರದ ಪ್ರಯಾಣ. ಪಕ್ಕದಲ್ಲಿ ಒಂದು ಜೀವ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಊರು ದಾಟುವವರೆಗೂ ಪ್ರತಿ ಸಿಗ್ನಲ್ಲಿನಲ್ಲಿ ಆಂಟಿ ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಹೈವೇ ಸೇರಿದ ಮೇಲೆ ಇಬ್ಬರೂ ಸಡಿಲವಾದೆವು. ಅಲ್ಲಿ ಬ್ರೇಕಿಗೆ ಕೆಲಸವೇ ಇರಲಿಲ್ಲ. ರಿಚ್ಮಂಡ್ ದಾಟುವಾಗ ಮಾತ್ರ ಸಾಲು ಸಾಲು ಗಾಡಿಗಳ ನಡುವೆ ಸ್ಟೀರಿಂಗ್ ಹಿಡಿದ ಬೆರಳು ಬೆಳ್ಳಗಾಗಿದ್ದವು. ಅದಾದ ಮೇಲೆ ರಸ್ತೆಯ ಎರಡೂ ಕಡೆ ಪೈನ್ ಮರಗಳು, ಅಪರೂಪಕ್ಕೊಂದು ಟ್ರಕ್ಕು. ಆಂಟಿ ಡಬ್ಬಿ ತೆರೆದು ಶಾವಿಗೆಯ ಸಿಹಿ ನನ್ನ ಬಾಯಿಗಿಟ್ಟರು. ಮಗ ಚಿಕ್ಕವನಿದ್ದಾಗ ದೇವರಾಜ ಮಾರುಕಟ್ಟೆಯಲ್ಲಿ ಕಳೆದುಹೋದ ಕಥೆ ಹೇಳಿದರು.

ಪೀಟರ್ಸ್‌ಬರ್ಗ್ ಕಳೆದ ಮೇಲೆ ಪೆಟ್ರೋಲಿಗೆಂದು ಹೈವೇಯಿಂದ ಇಳಿಯುವ ಒಂದು ಎಕ್ಸಿಟ್ ಹಿಡಿದೆ. ಇಳಿಜಾರಿನ ಕೊನೆಯಲ್ಲಿ ಬ್ರೇಕ್ ಒತ್ತಿದಾಗ ಕಾಲಿನ ಕೆಳಗೆ ಏನೋ ಗರಗರ ಎಂದಿತು. ಕಲ್ಲಿನ ಮೇಲೆ ಕಬ್ಬಿಣ ಎಳೆದ ಹಾಗೆ. ಸದ್ದು ಪಾದದಿಂದ ಮೊಣಕಾಲಿಗೆ ಏರಿತು. ಈ ಸಲ ನನಗೂ ಕೇಳಿಸಿತು.

"ಆಂಟಿ, ಇದೇನಾ ನೀವು ಹೇಳಿದ್ ಸದ್ದು?"

"ಅಲ್ಲ ಬೇಟಾ. ಇದು ಹೊಸದು. ಆ ಕಿರುಚೋದೂ ಇದೆ, ಇದೂ ಇದೆ. ಈಗ ಎರಡು ತರ ಬರ್ತಾ ಇದೆ."

ನನಗೆ ಕೇಳಿಸುತ್ತಿದ್ದದ್ದು ಒಂದೇ. ಆ ಹೊತ್ತಿನಲ್ಲಿ ಅದನ್ನು ಯೋಚಿಸುವಷ್ಟು ತಲೆ ಓಡಲಿಲ್ಲ. ಪೆಟ್ರೋಲ್ ಹಾಕಿಸಿ, ಅಲ್ಲಿನ ಫೋನಿನಿಂದ ಗಂಡನ ಆಫೀಸಿಗೆ ಮಾಡಿದೆ. ಮೀಟಿಂಗಿನಲ್ಲಿದ್ದಾರೆ ಎಂದರು. ಕೌಂಟರಿನಲ್ಲಿದ್ದ ಹೆಂಗಸನ್ನು ಇಲ್ಲಿ ಮೆಕ್ಯಾನಿಕ್ ಇದ್ದಾರೆಯೇ ಎಂದು ಕೇಳಿದೆ. ಇಲ್ಲ, ಮುಂದಿನ ಎಕ್ಸಿಟ್ಟಿನ ಊರಿನಲ್ಲಿ ಒಬ್ಬರಿದ್ದಾರೆ, ದೂರವೇನಿಲ್ಲ, ನಿಧಾನಕ್ಕೆ ಹೋಗಿ ಎಂದಳು.

ನಿಧಾನಕ್ಕೆ ಹೋದೆವು. ನಿಧಾನದ ಗಾಡಿಗಳಿಗೆಂದಿರುವ ಬಲಗಡೆಯ ಸಾಲು ಹಿಡಿದು, ಕಣ್ಣಳತೆಯಲ್ಲಿ ಯಾವ ಗಾಡಿಯೂ ಮುಂದಿರದ ಹಾಗೆ ನೋಡಿಕೊಂಡು. ಹಿಂದೆ ಬಂದ ಟ್ರಕ್ಕುಗಳು ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು. ಪ್ರತಿ ಸಲವೂ ನಮ್ಮ ಗಾಡಿ ಗಾಳಿಗೆ ಅಲ್ಲಾಡುತ್ತಿತ್ತು. ಸುಟ್ಟ ವಾಸನೆ ಸಣ್ಣಗೆ ಬರುತ್ತಿತ್ತು. ಆಂಟಿ ಕಿಟಕಿ ಇಳಿಸಿ ಮೂಗು ಹೊರಗೆ ಮಾಡಿ, "ಇದು ನಮ್ದೇ" ಎಂದರು. ಮುಂದೆ ರಸ್ತೆ ಒಂದು ದಿಬ್ಬ ಏರಿತು. ದಿಬ್ಬದ ಆಚೆ ಏನಿದೆ ಎಂದು ಕಾಣಿಸುತ್ತಿರಲಿಲ್ಲ.

ದಿಬ್ಬದ ತುದಿ ಮುಟ್ಟಿದಾಗ ಕಂಡದ್ದು ಕೆಂಪು ದೀಪಗಳು. ರಸ್ತೆ ರಿಪೇರಿಗೆಂದು ಕಿತ್ತಳೆ ಬಣ್ಣದ ಪೀಪಾಯಿಗಳನ್ನಿಟ್ಟು ಒಂದು ಸಾಲು ಮುಚ್ಚಿದ್ದರು. ವಾಹನಗಳೆಲ್ಲ ನಿಂತುಬಿಟ್ಟಿದ್ದವು. ನಮ್ಮ ಸಾಲಿನ ಕೊನೆಯಲ್ಲಿ ದೊಡ್ಡ ಟ್ರಕ್ಕೊಂದು ನಿಂತಿತ್ತು. ರಸ್ತೆ ಅದರತ್ತ ಇಳಿಯುತ್ತಿತ್ತು.

ಬ್ರೇಕ್ ಒತ್ತಿದೆ. ಗರಗರ ಎಂದಿತು. ಇನ್ನೂ ಒತ್ತಿದೆ. ಆಗ ಪೆಡಲ್ ನನ್ನ ಪಾದವನ್ನು ಕೈಬಿಟ್ಟಿತು. ಗಟ್ಟಿಯಾಗಿದ್ದದ್ದು ಮೆತ್ತಗಾಗಿ ಕೆಳಕ್ಕೆ ಹೋಯಿತು, ಕತ್ತಲಲ್ಲಿ ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟ ಹಾಗೆ. ಗಾಡಿ ಎಡಕ್ಕೆ ಎಳೆಯತೊಡಗಿತು. ವೇಗ ಕಡಿಮೆಯಾಗುತ್ತಿತ್ತು, ಆದರೆ ಸಾಲದು. ಟ್ರಕ್ಕಿನ ಹಿಂಬದಿಯ ಕಬ್ಬಿಣದ ಪಟ್ಟಿ ನಮ್ಮ ಮುಖದ ಎತ್ತರಕ್ಕೇ ಇರುವುದು ಕಾಣಿಸಿತು. ನನ್ನ ಬಾಯಿಂದ ಬಂದ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ.

"ಆಂಟಿ, ಹ್ಯಾಂಡ್‌ಬ್ರೇಕ್! ಮಧ್ಯದಲ್ಲಿದೆ, ಎಳೀರಿ!"

ಆಂಟಿ "ಯಾ ಅಲ್ಲಾ" ಎಂದು ಎರಡೂ ಕೈಯಿಂದ ಲಿವರ್ ಹಿಡಿದು, ಬಾವಿಯಿಂದ ತುಂಬಿದ ಕೊಡ ಎಳೆಯುವ ಹಾಗೆ ಮೇಲಕ್ಕೆಳೆದರು. ನಾನು ಆಟೋಮ್ಯಾಟಿಕ್ ಗೇರನ್ನು ವೇಗ ತಗ್ಗಿಸುವ ಕೆಳಗಿನ ಅಕ್ಷರಕ್ಕೆ ಎಳೆದೆ. ಇಂಜಿನ್ ಹುಚ್ಚು ಹಿಡಿದಂತೆ ಗರ್ಜಿಸಿತು. ಎಡಕ್ಕೆ ಎಳೆಯುತ್ತಿದ್ದ ಸ್ಟೀರಿಂಗನ್ನು ಇಡೀ ಮೈಯ ಭಾರ ಹಾಕಿ ಬಲಕ್ಕೆ ತಿರುಗಿಸಿದೆ. ರಸ್ತೆಯಂಚಿನ ಜಲ್ಲಿ, ಆಮೇಲೆ ಹುಲ್ಲು. ಟ್ರಕ್ಕಿನ ಹಿಂದಿನ ಚಕ್ರ ನಾನು ಕೂತಿದ್ದ ಎಡಗಡೆಯ ಕಿಟಕಿಯಲ್ಲಿ ಹಾದುಹೋಯಿತು. ಕೈ ಚಾಚಿದ್ದರೆ ಮುಟ್ಟಬಹುದಿತ್ತು. ಗಾಡಿ ಹುಲ್ಲಿನಲ್ಲಿ ಜಾರಿ, ಓಲಾಡಿ, ಚರಂಡಿಯ ಅಂಚಿಗೆ ಮೂಗು ತೂಗಿ ನಿಂತಿತು.

ಶಾವಿಗೆಯ ಡಬ್ಬಿ ತೆರೆದುಕೊಂಡು ಡ್ಯಾಶ್‌ಬೋರ್ಡಿನ ಮೇಲೆಲ್ಲ ಚೆಲ್ಲಿತ್ತು. ಆಂಟಿ ಲಿವರನ್ನು ಇನ್ನೂ ಹಿಡಿದೇ ಇದ್ದರು. "ಬಿಡಿ ಆಂಟಿ, ನಿಂತಿದೆ" ಎಂದೆ. "ಬಿಡಕ್ಕೆ ಆಗ್ತಾ ಇಲ್ಲ ಬೇಟಾ" ಎಂದರು. ಅವರ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಬಿಡಿಸಿದ ಕೈ ನನ್ನ ಕೈಯನ್ನು ಹಿಡಿದುಕೊಂಡಿತು.

ಟ್ರಕ್ಕಿನ ಚಾಲಕ ಇಳಿದು ಓಡಿ ಬಂದ. ನಮಗೆ ಪೆಟ್ಟಾಗಿಲ್ಲವೆಂದು ತಿಳಿದ ಮೇಲೆ ತನ್ನ ರೇಡಿಯೋದಲ್ಲಿ ಯಾರಿಗೋ ಹೇಳಿದ. ಪೊಲೀಸರು ಬಂದರು, ಅವರ ಹಿಂದೆ ಗಾಡಿ ಎಳೆಯುವ ವ್ಯಾನು ಬಂತು. ಅದರಲ್ಲೇ ಹತ್ತಿ, ನಾವು ಹೊರಟಿದ್ದ ಅದೇ ಊರಿನ ಮೆಕ್ಯಾನಿಕ್ ಅಂಗಡಿ ತಲುಪಿದೆವು. ಅಲ್ಲಿಂದ ಫೋನ್ ಮಾಡಿದಾಗ ಗಂಡ ಸಿಕ್ಕರು. "ಅಲ್ಲೇ ಇರು, ಬರ್ತಿದೀನಿ" ಎಂದಷ್ಟೇ ಅಂದರು.

ಮೆಕ್ಯಾನಿಕ್ ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಕಾರನ್ನು ಮೇಲೆತ್ತಿ ಬಲಗಡೆಯ ಮುಂದಿನ ಚಕ್ರ ಬಿಚ್ಚಿದ. ಒಳಗಿನ ತಟ್ಟೆಯಂಥ ಡಿಸ್ಕು ಸುತ್ತಲೂ ಗೀರಿಹೋಗಿತ್ತು. ಅದನ್ನು ಹಿಡಿದು ನಿಲ್ಲಿಸಬೇಕಾದ ಪ್ಯಾಡು ಪೂರ್ತಿ ಸವೆದು ಬರೀ ಕಬ್ಬಿಣ ಉಳಿದಿತ್ತು. ಕೊನೆಗೆ ಬ್ರೇಕಿನ ಎಣ್ಣೆಯೂ ಸೋರಿದೆ, ಅದಕ್ಕೇ ಪೆಡಲ್ ಕೆಳಗೆ ಹೋಗಿದ್ದು ಎಂದು ತೋರಿಸಿದ. ಆಮೇಲೆ ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ ಕೇಳಿದ:

"ಇಷ್ಟು ದಿನ ಇದು ಕಿರುಚಿರಬೇಕಲ್ಲ? ಪ್ಯಾಡ್ ತೆಳುವಾದರೆ ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಒಂದು ಚಿಕ್ಕ ತಗಡು ಇಟ್ಟಿರುತ್ತಾರೆ."

ನಾನು ಇಲ್ಲವೆಂದೆ. ಅವನು ಎಡಗಡೆಯ ಚಕ್ರವನ್ನೂ ಬಿಚ್ಚಿದ. ಅಲ್ಲಿ ಪ್ಯಾಡು ಇನ್ನೂ ಸ್ವಲ್ಪ ಉಳಿದಿತ್ತು. "ಕೇಳಿ" ಎಂದು ಡಿಸ್ಕನ್ನು ಕೈಯಿಂದ ಬಲವಾಗಿ ತಿರುಗಿಸಿದ.

ಆಂಟಿ ಎರಡೂ ಕಿವಿ ಮುಚ್ಚಿಕೊಂಡರು. ಮೂಲೆಯಲ್ಲಿ ಮಲಗಿದ್ದ ಅಂಗಡಿಯ ನಾಯಿ ಎದ್ದು ಹೊರಗೆ ಹೋಯಿತು. ನಾನು ತಿರುಗುತ್ತಿದ್ದ ಡಿಸ್ಕನ್ನೇ ನೋಡುತ್ತಾ ನಿಂತಿದ್ದೆ. ನನಗೆ ಕೇಳಿಸಿದ್ದು ಅವನ ಕೈಗವಸು ಉಜ್ಜುವ ಸದ್ದು ಮಾತ್ರ.

"ಇನ್ನೊಂದ್ಸಲ ತಿರುಗಿಸಿ" ಎಂದೆ. ತಿರುಗಿಸಿದ. ಆಂಟಿ ಮತ್ತೆ ಮುಖ ಹಿಂಡಿದರು. ನನಗೆ ಏನೂ ಇಲ್ಲ.

ದಿಬ್ಬದ ಆಚೆ ಟ್ರಕ್ಕು ಕಂಡಾಗ ಆದ ಭಯ ಬಿಸಿಯಾದದ್ದು, ಕೈಕಾಲು ಆಡಿಸಿದ್ದು. ಇದು ಬೇರೆ. ಇದು ತಣ್ಣಗೆ ಬೆನ್ನಿನಿಂದ ಇಳಿಯಿತು. ಸಿಗ್ನಲ್ಲಿನಲ್ಲಿ ತಿರುಗಿ ನೋಡಿದವರು, ಮಗುವಿನ ಕಿವಿ ಮುಚ್ಚಿದ ತಾಯಿ, ಚಕ್ರ ತೋರಿಸಿದ ಮುದುಕ ಎಲ್ಲರೂ ಒಟ್ಟಿಗೆ ನೆನಪಾದರು. ಇಡೀ ಊರಿಗೆ ಕೇಳಿಸಿದ ಸದ್ದು ಅದರೊಳಗೆ ಕೂತವಳಿಗೆ ಮಾತ್ರ ಕೇಳಿಸಿರಲಿಲ್ಲ. ಆಂಟಿ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನಿಜವಾಗ್ಲೂ ಕೇಳ್ಸಲ್ವಾ ಬೇಟಾ?"

"ಇಲ್ಲ ಆಂಟಿ."

ಅವರು ಮುಂದೇನೂ ಕೇಳದೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಪೇಪರ್ ಲೋಟದಲ್ಲಿ ನೀರು ತಂದುಕೊಟ್ಟರು. ಗಂಡ ಬಂದಾಗ ನಾನು ಅತ್ತದ್ದು ಅಪಘಾತಕ್ಕೆ ಎಂದುಕೊಂಡು, "ಏನೂ ಆಗ್ಲಿಲ್ವಲ್ಲ, ಬಿಡು" ಎಂದು ಬೆನ್ನು ಸವರಿದರು. ದಾರಿಯಲ್ಲಿ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಆಂಟಿಯೂ ಹೇಳಲಿಲ್ಲ. ಅದು ನಾನು ಹೇಳಬೇಕಾದ ಮಾತೆಂದು ಬಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಗಂಡನ ಬಾಡಿಗೆ ಮನೆಯಲ್ಲಿ, ಕಾಫಿ ಕುಡಿಯುವಾಗ ಆ ಕಿರುಚು ನನಗೆ ಕೇಳಿಸಲೇ ಇಲ್ಲವೆಂದು ಹೇಳಿದೆ. ಅವರು ನಗಲು ಹೋಗಿ ನಿಲ್ಲಿಸಿದರು. ಕೈಯಿಂದ ಡಿಜಿಟಲ್ ವಾಚು ಬಿಚ್ಚಿ, ಅಲಾರಂ ಹಚ್ಚಿ ನನ್ನ ಕಿವಿಯ ಹತ್ತಿರ ಹಿಡಿದರು.

"ಈಗ?"

"ಹಚ್ಚಿದ್ದೀರಾ?"

ವಾಚನ್ನು ಇನ್ನೊಂದು ಕಿವಿಗೆ ತಂದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟರು.

"ನಾನು ರೂಮಿಂದ ಏನಾದ್ರೂ ಕೇಳಿದ್ರೆ ನೀನು ಎಷ್ಟೋ ಸಲ ಉತ್ರ ಕೊಡ್ತಿರ್ಲಿಲ್ಲ. ಇಲ್ಲದ್ದು ಏನೋ ಹೇಳ್ತಿದ್ದೆ. ಬೇಕಂತಲೇ ಮಾಡ್ತೀಯ ಅಂದ್ಕೊಂಡಿದ್ದೆ" ಎಂದರು. "ಮದ್ವೆ ಆದಾಗಿಂದ ಹಂಗೇ ಅಂದ್ಕೊಂಡಿದ್ದೆ."

ನನಗೂ ಹೇಳುವುದಿತ್ತು. ಅವರು ಮಾತನ್ನು ನುಂಗಿ ನುಂಗಿ ಆಡುತ್ತಾರೆ, ನನ್ನ ಜೊತೆ ಸರಿಯಾಗಿ ಮಾತಾಡುವ ಮನಸ್ಸೇ ಇಲ್ಲ ಎಂದು ನಾನು ತಿಳಿದಿದ್ದೆ. ಅದನ್ನೂ ಹೇಳಿದೆ. ಆರಿಹೋದ ಕಾಫಿಯನ್ನು ಅವರೇ ಮತ್ತೆ ಬಿಸಿ ಮಾಡಿ ತಂದರು.

ಕಾರು ಹೊಸ ಪ್ಯಾಡು, ಹೊಸ ಡಿಸ್ಕು ಹಾಕಿಸಿಕೊಂಡು ಸಿದ್ಧವಾಯಿತು. ವಾಪಸ್ ಹೋಗುವಾಗ ಆಂಟಿಯನ್ನು ವಿಮಾನದಲ್ಲಿ ಕಳಿಸುತ್ತೇನೆಂದು ಅವರ ಮಗ ಹಟ ಹಿಡಿದ. ಆಂಟಿ ಒಪ್ಪಲಿಲ್ಲ. "ಅವ್ಳು ಒಬ್ಳೇ ಹೆಂಗೆ ಹೋಗ್ತಾಳೆ? ನಾನು ಪಕ್ಕದಲ್ಲಿ ಕೂತು ಕೇಳಿಸ್ಕೋತೀನಿ" ಎಂದರು. ಗಂಡನೂ ರಜೆ ಹಾಕಿ ಬಾಡಿಗೆ ಕಾರಿನಲ್ಲಿ ನಮ್ಮ ಹಿಂದೆಯೇ ಫೇರ್‌ಫ್ಯಾಕ್ಸ್‌ವರೆಗೂ ಬಂದರು. ಆ ದಿಬ್ಬದ ಎದುರು ದಿಕ್ಕಿನ ರಸ್ತೆಯಲ್ಲಿ ಹಾದುಹೋಗುವಾಗ ಆಂಟಿ ನನ್ನ ಮೊಣಕೈ ಹಿಡಿದುಕೊಂಡರು. "ಸದ್ದಿದೆಯಾ ಆಂಟಿ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದೆ. "ಇಲ್ಲ ಬೇಟಾ, ಇಲ್ಲ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಕಿವಿಯ ಪರೀಕ್ಷೆಗೆ ಹೋದಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಲೈಸೆನ್ಸ್ ಕಿತ್ತುಕೊಂಡರೆ? ಕೆಲಸ ಹೋದರೆ? ದಪ್ಪ ಗೋಡೆಯ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಮೊದಲು ಕೇಳಿಸಿತು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಗಾಜಿನ ಆಚೆ ಪರೀಕ್ಷೆ ಮಾಡುತ್ತಿದ್ದಾಕೆಯ ಕೈ ಮಾತ್ರ ಸುಮ್ಮನಿರಲಿಲ್ಲ, ಒಂದಾದ ಮೇಲೊಂದು ಗುಬುಟು ತಿರುಗಿಸುತ್ತಿತ್ತು. ಅಂದರೆ ಸದ್ದು ಬರುತ್ತಿದೆ. ನನ್ನ ಬೆರಳು ಗುಂಡಿಯ ಮೇಲೆ ಬೆವರುತ್ತಾ ಕಾಯುತ್ತಿತ್ತು.

ಕೀರಲು ದನಿಗಳು ಎರಡೂ ಕಿವಿಯಲ್ಲಿ ಹೋಗಿವೆ, ತಗ್ಗಿನ ದನಿಗಳು ಸರಿಯಾಗಿವೆ ಎಂದು ಡಾಕ್ಟರು ಹೇಳಿದರು. ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ ಎಂದು ಕೇಳಿದರು. ಕ್ಷಯವಾಗಿ ತಿಂಗಳುಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡಿದ್ದೆನೆಂದೆ. ಅದರಿಂದಲೇ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ಕಾರು ಓಡಿಸಲು ಅಡ್ಡಿಯಿಲ್ಲ ಎಂದಾಗ ಉಸಿರು ಬಿಟ್ಟೆ. ಕಿವಿ ಇನ್ನೂ ಹೋಗುತ್ತದೆಯೇ ಎಂದು ನಾನು ಕೇಳಿದಾಗ, ಹೋಗಬಹುದು, ಹೀಗೇ ಇರಲೂಬಹುದು, ವರ್ಷಕ್ಕೊಮ್ಮೆ ಬಂದು ನೋಡಿಸಿಕೊಳ್ಳಿ ಎಂದರು.

ಚಳಿಗಾಲ ಶುರುವಾಗುವ ಮೊದಲೇ ಆಂಟಿ ಮೈಸೂರಿಗೆ ಹೊರಟರು. ಮಗಳು ಅಳಿಯ ಒಂದು ಕಾರಿನಲ್ಲಿ ಸಾಮಾನು ತುಂಬಿಕೊಂಡರು, ಆಂಟಿ ನನ್ನ ಕಾರಿನಲ್ಲಿ ಕೂತರು. ಡಲೆಸ್ ವಿಮಾನ ನಿಲ್ದಾಣದವರೆಗೂ ಆಂಟಿ ಬ್ರೇಕಿನ ಸದ್ದಿಗೆ ಕಿವಿಗೊಟ್ಟಿದ್ದರು. ಅವರು ಕತ್ತು ಸ್ವಲ್ಪ ಓರೆ ಮಾಡಿಕೊಂಡು ಕೂತಿದ್ದರು. ಇಳಿಯುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಗಾಡಿ ಚೆನ್ನಾಗಿದೆ. ಭಯ ಪಡ್ಬೇಡ" ಎಂದರು.

ಭಯಪಟ್ಟೆ. ಅವರು ಒಳಗೆ ಹೋದ ಮೇಲೆ ಖಾಲಿ ಸೀಟಿನ ಪಕ್ಕ ಕೂತು ಕೀಲಿ ತಿರುಗಿಸಲು ಬಹಳ ಹೊತ್ತು ಬೇಕಾಯಿತು. ರೇಡಿಯೋ ಹಚ್ಚದೆ, ಬಲಗಡೆಯ ಸಾಲಿನಲ್ಲಿ, ಕಿಟಕಿ ಇಳಿಸಿಕೊಂಡು ಹೊರಟೆ. ಚಳಿಗಾಳಿಗೆ ಕಣ್ಣಲ್ಲಿ ನೀರು ಬಂತು. ಒಂದು ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗ ಪಕ್ಕದ ಕಾರಿನಲ್ಲಿದ್ದ ಹೆಂಗಸಿನ ಕಡೆ ನಾನೇ ತಿರುಗಿದೆ. ಅವಳು ಕನ್ನಡಿಯಲ್ಲಿ ನೋಡಿಕೊಂಡು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು, ನನ್ನತ್ತ ಕಣ್ಣೆತ್ತಲೂ ಇಲ್ಲ. ಹಸಿರು ದೀಪ ಬಂತು. ಮನೆಗೆ ಹೋಗುವ ರಸ್ತೆಗೆ ತಿರುಗಿದೆ.